ಯಾವುದು ಮೊದಲ ಮುದ್ರಣ?

ಕ್ಯಾಪ್ಟನ್ ನೀಮೋ ಮತ್ತು ಅವನ ಜಲಾಂತರ್ಗಾಮಿಯ ಕಥೆಯೆಂದು ನಮ್ಮಲ್ಲೂ ಪರಿಚಿತವಾಗಿರುವ ಜೂಲ್ಸ್ ವರ್ನ್‌ನ ‘ಕಡಲಡಿಯ ಇಪ್ಪತ್ತು ಸಾವಿರ ಲೀಗ್’ ಕಾದಂಬರಿಯ ಮೊದಲ ಮುದ್ರಣ ಯಾವುದು? ಈ ಪ್ರಶ್ನೆಗೆ ಮೂರು ಉತ್ತರಗಳಿವೆ, ಮೂರೂ ಸರಿಯೇ. ಪ್ಯಾರಿಸ್ಸಿನ ಪ್ರಕಾಶಕ ಪಿಯೆರ್-ಜೂಲ್ ಹೆಟ್ಜೆಲ್ ಅದನ್ನು 1869ರ ಮಾರ್ಚ್‌ನಿಂದ 1870ರ ಜೂನ್‌ವರೆಗೆ ತನ್ನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹಾಕಿದ. ಜೊತೆಜೊತೆಗೇ ಚಿತ್ರಗಳಿಲ್ಲದ ಎರಡು ಸಣ್ಣ ಸಂಪುಟಗಳನ್ನು ಹೊರತಂದ, ಒಂದು 1869ರಲ್ಲಿ, ಇನ್ನೊಂದು 1870ರಲ್ಲಿ. ಕೊನೆಗೆ 1871ರಲ್ಲಿ ರಿಯೂ ಮತ್ತು ಆಲ್ಫೋನ್ಸ್ ದ ನವೀಲ್ ಬರೆದ 111 ಚಿತ್ರಗಳಿರುವ ದೊಡ್ಡ ಅಳತೆಯ ಪುಸ್ತಕ ಬಂತು. ಸಾಹಿತ್ಯ ಚರಿತ್ರೆಕಾರ ಆ ಬೋಳು ಸಂಪುಟಗಳನ್ನು ಮೊದಲನೆಯವೆಂದು ದಾಖಲಿಸುತ್ತಾನೆ. ಫ್ರೆಂಚ್ ಮಕ್ಕಳ ಪುಸ್ತಕಗಳನ್ನು ಸಂಗ್ರಹಿಸುವವರಲ್ಲಿ ಹೆಚ್ಚಿನವರು ಹುಡುಕುವುದು ಮೂರನೆಯದನ್ನು. ಅವರ ಈ ಹಟಕ್ಕೆ ಚಿನ್ನದ ರಟ್ಟಿನ ಮೋಹವೂ ಸ್ವಲ್ಪ ಕಾರಣವಿರಬಹುದು. ಆದರೂ ಅವರು ಹಿಡಿದ ದಾರಿ ಸರಿಯಾದದ್ದು. ಮಕ್ಕಳ ಚಿತ್ರಪುಸ್ತಕದ ಮಟ್ಟಿಗೆ ‘ಮೊದಲು’ ಎನ್ನುವುದು ತಾರೀಖು ನೋಡಿ ತೀರ್ಮಾನಿಸುವ ಸಂಗತಿಯಲ್ಲ. ಚಿತ್ರವೂ ಮಾತೂ ಯಾವ ಅಳತೆಯಲ್ಲಿ, ಯಾವ ಬಣ್ಣದಲ್ಲಿ, ಯಾವ ಕಾಗದದ ಮೇಲೆ ಮೊದಲ ಸಲ ಕೂಡಿದವೋ ಆ ಪುಸ್ತಕವೇ ಮೊದಲನೆಯದು. ದೊಡ್ಡವರ ಸಾಹಿತ್ಯಕ್ಕೆ ಮಾಡಿದ ಅಳತೆಗೋಲನ್ನು ಇಲ್ಲಿಗೂ ತಂದು ಹಿಡಿದರೆ ಲೆಕ್ಕ ತಪ್ಪುತ್ತದೆ.

ಈ ವಾದಕ್ಕೆ ಎದುರಾಗುವ ಉದಾಹರಣೆಯನ್ನು ಮೊದಲೇ ಎತ್ತಿಕೊಳ್ಳುವುದು ಮೇಲು. ಶಾರ್ಲ್ ಪೆರೋನ ಕಥೆಗಳನ್ನು, ಅಂದರೆ ಸಿಂಡರೆಲ್ಲಾ, ಕೆಂಪು ಟೊಪ್ಪಿಗೆಯ ಹುಡುಗಿ, ಬೂಟು ತೊಟ್ಟ ಬೆಕ್ಕು ಮೊದಲಾದ ಎಂಟು ಗದ್ಯಕಥೆಗಳನ್ನು, ಪ್ಯಾರಿಸ್ಸಿನ ಕ್ಲೋದ್ ಬಾರ್ಬ್ಯಾಂ 1697ರಲ್ಲಿ ಅಚ್ಚುಹಾಕಿದ. ಅದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪುಸ್ತಕ. ಅದರಲ್ಲಿದ್ದದ್ದು ಆಂತ್ವಾನ್ ಕ್ಲೂಝಿಯೆ ಕೊರೆದ ಚಿಕ್ಕ, ಒರಟು ಚಿತ್ರಗಳು. 1862ರ ದಿನಾಂಕದೊಂದಿಗೆ ಹೆಟ್ಜೆಲ್ ಅದೇ ಕಥೆಗಳನ್ನು ಗುಸ್ತಾವ್ ದೋರೆಯ ಚಿತ್ರಗಳೊಂದಿಗೆ ಭಾರೀ ಗಾತ್ರದಲ್ಲಿ ಪ್ರಕಟಿಸಿದ. ನನ್ನ ವಾದವನ್ನು ಕುರುಡಾಗಿ ಹಿಡಿದರೆ ಕ್ಲೂಝಿಯೆಯೇ ಗೆಲ್ಲಬೇಕು, ಅವನ ಚಿತ್ರಗಳೇ ಮೊದಲ ಬಾರಿ ಆ ಮಾತುಗಳ ಜೊತೆ ಅಚ್ಚಾದದ್ದು. ಗೆಲ್ಲಲಿ, ತಕರಾರಿಲ್ಲ. ಆದರೆ ದೋರೆಯ ಪುಸ್ತಕ ಹಳೆಯದರ ಮರುಮುದ್ರಣ ಅಲ್ಲವೇ ಅಲ್ಲ. ಕಾಡಿನ ಕತ್ತಲೆ, ತೋಳದ ಕಣ್ಣು, ರಾಕ್ಷಸನ ಕೈಯ ಚೂರಿ ಇವೆಲ್ಲ ಅಲ್ಲಿ ಹೊಸದಾಗಿ ಹುಟ್ಟಿವೆ. ಇಂದು ಪೆರೋನ ಕಥೆ ಎಂದೊಡನೆ ಓದುಗರ ಕಣ್ಮುಂದೆ ಬರುವ ಚಿತ್ರಗಳಲ್ಲಿ ಹೆಚ್ಚಿನವು 1697ರವಲ್ಲ, 1862ರವು. ಒಂದೇ ಪಠ್ಯಕ್ಕೆ ಎರಡು ಮೊದಲ ಮುದ್ರಣಗಳಿರಬಹುದು ಎಂದು ಒಪ್ಪಿಕೊಂಡರೆ ತೊಡಕು ಬಿಡಿಸಿಕೊಳ್ಳುತ್ತದೆ. ಮಾತಿನ ಚರಿತ್ರೆ ಒಂದು, ಚಿತ್ರದ ಚರಿತ್ರೆ ಇನ್ನೊಂದು. ಸಂಗ್ರಾಹಕ ತಾನು ಯಾವುದರ ಬೆನ್ನು ಹತ್ತಿದ್ದೇನೆಂದು ತಿಳಿದಿದ್ದರೆ ಸಾಕು. ಅಂದಹಾಗೆ, ದೋರೆಯ ಆ ಪುಸ್ತಕವನ್ನು ಯಾವ ಮಗುವೂ ಒಬ್ಬಂಟಿಯಾಗಿ ಎತ್ತಲಾರದು. ಅದು ಪಡಸಾಲೆಯ ಮೇಜಿನ ಮೇಲಿಟ್ಟು ದೊಡ್ಡವರು ಪುಟ ತಿರುಗಿಸಬೇಕಾದ ಪುಸ್ತಕ. ಮಕ್ಕಳ ಪುಸ್ತಕ ಎಂದು ಮಾರಾಟವಾಗುವುದೆಲ್ಲ ಮಕ್ಕಳಿಗಾಗಿಯೇ ಆಗಿರಬೇಕಿಲ್ಲ ಎನ್ನುವುದು ಹಳೆಯ ಸತ್ಯವೇ.

ಹೆಟ್ಜೆಲ್‌ನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಈ ಹವ್ಯಾಸದ ಅರ್ಧ ಸ್ವಾರಸ್ಯ, ಅರ್ಧ ತಲೆನೋವು ಎರಡೂ ಅವನಿಂದಲೇ ಬಂದವು. ಫ್ರಾನ್ಸಿನಲ್ಲಿ ಹೊಸ ವರ್ಷಕ್ಕೆ ಮಕ್ಕಳಿಗೆ ಉಡುಗೊರೆ ಕೊಡುವ ವಾಡಿಕೆಯಿತ್ತು. ಪ್ರಕಾಶಕರ ಇಡೀ ವರ್ಷದ ವ್ಯಾಪಾರ ಡಿಸೆಂಬರಿನ ಆ ಕೆಲವು ವಾರಗಳನ್ನೇ ನಂಬಿಕೊಂಡಿರುತ್ತಿತ್ತು. ಅಂಗಡಿಯ ಕಿಟಕಿಯಲ್ಲಿ ಹತ್ತು ಪುಸ್ತಕಗಳ ನಡುವೆ ತನ್ನದು ಎದ್ದುಕಾಣಬೇಕೆಂದು ಹೆಟ್ಜೆಲ್ ವರ್ನ್‌ನ ಕಾದಂಬರಿಗಳನ್ನು ಕ್ಯಾಲಿಕೊ ಬೈಂಡಿನಲ್ಲಿ ಹೊಲಿಸಿ, ಹಿತ್ತಾಳೆಯ ಅಚ್ಚುಗಳಿಂದ ಚಿನ್ನದ ಮತ್ತು ಕಪ್ಪು ಬಣ್ಣದ ಅಲಂಕಾರಗಳನ್ನು ಒತ್ತಿಸಿದ. ಕೆಂಪು, ಹಸಿರು, ನೀಲಿ, ಕಂದು ಎಂದು ಬಟ್ಟೆಯ ಬಣ್ಣ ಬೇರೆಬೇರೆ. ಎರಡು ಆನೆಗಳ ರಟ್ಟು, ಬೀಸಣಿಗೆಯ ರಟ್ಟು, ಹಡಗಿನ ರಟ್ಟು, ಗೋಳದ ರಟ್ಟು ಎಂದು ಸಂಗ್ರಾಹಕರು ಇವುಗಳನ್ನು ಹೆಸರಿಟ್ಟೇ ಕರೆಯುತ್ತಾರೆ. ಲೆನೆಗ್ರ್, ಎಂಜೆಲ್ ಮೊದಲಾದ ಬೈಂಡಿಂಗ್ ಕಾರ್ಖಾನೆಗಳ ಹೆಸರೂ ಅವರ ಬಾಯಲ್ಲಿರುತ್ತದೆ. ಸಮಸ್ಯೆ ಏನೆಂದರೆ, ಈ ಸಚಿತ್ರ ಸಂಪುಟಗಳ ಶೀರ್ಷಿಕೆ ಪುಟದಲ್ಲಿ ಸಾಮಾನ್ಯವಾಗಿ ಇಸವಿಯೇ ಇಲ್ಲ. ಕಳೆದ ವರ್ಷ ಮಾರಾಟವಾಗದೆ ಉಳಿದ ಪ್ರತಿ ಈ ವರ್ಷವೂ ಹೊಸದಾಗಿಯೇ ಕಾಣಬೇಕಲ್ಲ! ಹಾಗಾಗಿ ಇಸವಿಯನ್ನು ಸುತ್ತುಬಳಸಿ ಪತ್ತೆಹಚ್ಚಬೇಕು. ಪುಸ್ತಕದ ಕೊನೆಗೆ ಹೊಲಿದಿರುವ ಪ್ರಕಾಶಕರ ಪಟ್ಟಿಯಲ್ಲಿ ಯಾವ ಕಾದಂಬರಿ ‘ಹೊಸದು’ ಎಂದಿದೆ, ಯಾವುದರ ಹೆಸರು ಇನ್ನೂ ಬಂದಿಲ್ಲ, ರಟ್ಟಿನ ಅಲಂಕಾರ ಯಾವ ವರ್ಷ ಬಳಕೆಗೆ ಬಂತು, ಇವನ್ನೆಲ್ಲ ಕೂಡಿಸಿ ಕಳೆದು ಒಂದು ಅಂದಾಜಿಗೆ ಬರಬೇಕು. ಒಳಗಿನ ಹಾಳೆಗಳು ಒಂದು ವರ್ಷ ಅಚ್ಚಾಗಿ, ರಟ್ಟು ಮೂರು ವರ್ಷ ತಡವಾಗಿ ಬಿದ್ದಿರಬಹುದು. ಇಲ್ಲಿ ಶೀರ್ಷಿಕೆ ಪುಟವೊಂದನ್ನೇ ನಂಬಿದವನಿಗೆ ಏನೂ ದಕ್ಕುವುದಿಲ್ಲ. ಪುಸ್ತಕವನ್ನು ವಸ್ತುವಾಗಿ, ಹೊಲಿಗೆ ಬಣ್ಣ ಕಾಗದ ಸಮೇತ, ಓದಲೇಬೇಕು. ವರ್ನ್‌ನ ಮೊದಲ ಯಶಸ್ವಿ ಕಾದಂಬರಿ ‘ಬಲೂನಿನಲ್ಲಿ ಐದು ವಾರ’ 1863ರಲ್ಲಿ ಚಿತ್ರವಿಲ್ಲದೆ ಬಂದು, 1865ರಲ್ಲಿ ರಿಯೂ ಮತ್ತು ಮೋಂತೋ ಅವರ ಚಿತ್ರಗಳನ್ನು ಪಡೆಯಿತು. ಆ ಎರಡು ವರ್ಷಗಳ ಅಂತರದಲ್ಲೇ ಒಂದು ಸಾಹಸ ಕಾದಂಬರಿ ಮನೆಮಂದಿಯೆಲ್ಲ ನೋಡುವ ಪುಸ್ತಕವಾಗಿ ಬದಲಾಯಿತು. ಭಾರತದ ಓದುಗರಿಗೆ ಕುತೂಹಲ ಹುಟ್ಟಿಸುವುದು 1880ರ ‘ಉಗಿಮನೆ’. 1857ರ ದಂಗೆಯ ನೆನಪು, ನಾನಾಸಾಹೇಬ, ಉತ್ತರ ಭಾರತದ ರಸ್ತೆಗಳಲ್ಲಿ ಮನೆಗಳನ್ನೇ ಎಳೆದುಕೊಂಡು ಹೋಗುವ ಉಗಿಯಂತ್ರದ ಆನೆ, ಎಲ್ಲವೂ ಅದರಲ್ಲಿವೆ. ಚಿತ್ರಗಳನ್ನು ಬರೆದವನು ಲಿಯೋನ್ ಬೆನೆಟ್. ಆ ಕಾಲದ ಫ್ರೆಂಚ್ ಹುಡುಗನ ತಲೆಯಲ್ಲಿ ಭಾರತ ಹೇಗಿತ್ತು ಎಂದು ತಿಳಿಯಲು ಆ ಕಾದಂಬರಿಯ ಮಾತಿಗಿಂತ ಅದರ ಚಿತ್ರಗಳೇ ಹೆಚ್ಚು ಸಾಕ್ಷಿ ಹೇಳುತ್ತವೆ.

ಮರುಮುದ್ರಣದಲ್ಲಿ ಚಿತ್ರ ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಅತ್ಯಂತ ಗಟ್ಟಿಯಾದ ಪುರಾವೆ ಆಂತ್ವಾನ್ ದ ಸೇಂತ್-ಎಕ್ಸುಪೆರಿಯ ‘ಪುಟ್ಟ ರಾಜಕುಮಾರ’. ಫ್ರೆಂಚರ ಈ ಅತಿ ಪ್ರಸಿದ್ಧ ಮಕ್ಕಳ ಪುಸ್ತಕ ಮೊದಲು ಅಚ್ಚಾದದ್ದು ಫ್ರಾನ್ಸಿನಲ್ಲಲ್ಲ. ದೇಶ ಜರ್ಮನರ ವಶದಲ್ಲಿತ್ತು, ಲೇಖಕ ನ್ಯೂಯಾರ್ಕಿನಲ್ಲಿದ್ದ. 1943ರ ಏಪ್ರಿಲಿನಲ್ಲಿ ರೇನಲ್ ಅಂಡ್ ಹಿಚ್‌ಕಾಕ್ ಎಂಬ ಅಮೆರಿಕದ ಪ್ರಕಾಶನ ಅದನ್ನು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಹೊರತಂದಿತು. ಲೇಖಕ ಸಹಿ ಹಾಕಿದ ವಿಶೇಷ ಪ್ರತಿಗಳು ಇಂಗ್ಲಿಷಿನಲ್ಲಿ 525, ಫ್ರೆಂಚಿನಲ್ಲಿ 260. 1944ರ ಜುಲೈ 31ರಂದು ಕಾರ್ಸಿಕಾದಿಂದ ವಿಮಾನದಲ್ಲಿ ಹೊರಟ ಸೇಂತ್-ಎಕ್ಸುಪೆರಿ ಹಿಂದಿರುಗಲಿಲ್ಲ. ಪ್ಯಾರಿಸ್ಸಿನ ಗಾಲಿಮಾರ್ ಸಂಸ್ಥೆ 1945ರ ಕೊನೆಗೆ ಅಚ್ಚುಹಾಕಿ 1946ರಲ್ಲಿ ಮಾರಾಟಕ್ಕೆ ಬಿಟ್ಟ ಮುದ್ರಣಕ್ಕೆ ಮೂಲ ಜಲವರ್ಣಗಳು ಸಿಕ್ಕಿರಲಿಲ್ಲ. ಅಮೆರಿಕದ ಪುಸ್ತಕವನ್ನು ಮುಂದಿಟ್ಟುಕೊಂಡು ಚಿತ್ರಗಳನ್ನು ಹೊಸದಾಗಿ ತಿದ್ದಿ ಬರೆಸಬೇಕಾಯಿತು. ಗೆರೆ ಗಡುಸಾಯಿತು, ಬಣ್ಣ ಬದಲಾಯಿತು, ಸಣ್ಣಪುಟ್ಟ ವಿವರಗಳು ಬಿದ್ದುಹೋದವು. ರಾಜಕುಮಾರ ಒಂದೇ ದಿನದಲ್ಲಿ ನೋಡಿದ ಸೂರ್ಯಾಸ್ತಗಳ ಎಣಿಕೆ ಕೂಡ ಅಮೆರಿಕದ ಇಂಗ್ಲಿಷ್ ಮುದ್ರಣದಲ್ಲಿ 44, ಗಾಲಿಮಾರ್‌ನದರಲ್ಲಿ 43. ಫ್ರಾನ್ಸಿನ ಹಲವು ತಲೆಮಾರುಗಳು ಬೆಳೆದದ್ದು ಈ ತಿದ್ದಿದ ಚಿತ್ರಗಳನ್ನೇ ನೋಡಿಕೊಂಡು. 1943ರ ಚಿತ್ರಗಳಿಗೆ ಹತ್ತಿರವಾದ ಮುದ್ರಣವನ್ನು ಗಾಲಿಮಾರ್ ಹೊರತಂದದ್ದು 1999ರಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲೇಖಕನ ಕೈಯ ಚಿತ್ರಕ್ಕೆ ಹತ್ತಿರದ ಅಚ್ಚು ಬೇಕಿದ್ದವರು ನ್ಯೂಯಾರ್ಕಿನ ಆ ಹಳೆಯ ಪ್ರತಿಗಳ ಮೊರೆ ಹೋಗಬೇಕಿತ್ತು. ಮೂಲ ಚಿತ್ರಗಳ ಮತ್ತು ಹಸ್ತಪ್ರತಿಯ ದೊಡ್ಡ ಭಾಗ 1968ರಿಂದ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. 1943ರ ಆ ಪುಸ್ತಕದ ಜಾಕೆಟ್ಟಿನ ಮೇಲೆ ಎರಡು ಡಾಲರ್ ಬೆಲೆಯಿದೆಯೇ, ಪ್ರಕಾಶಕರ ವಿಳಾಸ ಫೋರ್ತ್ ಅವೆನ್ಯೂ ಎಂದಿದೆಯೇ ಎಂದು ವ್ಯಾಪಾರಿಗಳು ಭೂತಗನ್ನಡಿ ಹಿಡಿಯುತ್ತಾರೆ. ಹಿಡಿಯಲಿ. ಆದರೆ ನನ್ನ ದೃಷ್ಟಿಯಲ್ಲಿ ಆ ಮುದ್ರಣದ ಬೆಲೆ ವಿಳಾಸದ ಸಾಲಿನಲ್ಲಿಲ್ಲ, ಒಳಗಿನ ಬಣ್ಣದಲ್ಲಿದೆ.

ಬಣ್ಣದಷ್ಟೇ ಅಳತೆಯೂ ಮುಖ್ಯ ಎನ್ನುವುದನ್ನು ಆನೆ ಬಾಬಾರ್ ತೋರಿಸಿಕೊಡುತ್ತಾನೆ. ಪಿಯಾನೊ ವಾದಕಿ ಸೆಸಿಲ್ 1930ರ ಬೇಸಗೆಯಲ್ಲಿ ತನ್ನ ಇಬ್ಬರು ಗಂಡುಮಕ್ಕಳಿಗೆ ಹೇಳಿದ ಕಥೆಯನ್ನು ಅವಳ ಗಂಡ, ಚಿತ್ರಕಾರ ಝಾನ್ ದ ಬ್ರುನೋಫ್, ಪುಸ್ತಕ ಮಾಡಿದ. 1931ರಲ್ಲಿ ಪ್ರಕಟಿಸಿದ್ದು ಮಕ್ಕಳ ಪ್ರಕಾಶನವಲ್ಲ, ‘ಜಾರ್ಡ್ಯಾಂ ದೆ ಮೋದ್’ ಎಂಬ ಫ್ಯಾಷನ್ ಪತ್ರಿಕೆ. ಅಲ್ಲಿ ಬ್ರುನೋಫ್ ಮನೆಯವರೇ ಇದ್ದರು. ಬಹುಶಃ ಮಕ್ಕಳ ಪುಸ್ತಕ ಹೇಗಿರಬೇಕೆಂಬ ರೂಢಿ ಗೊತ್ತಿಲ್ಲದವರು ಮಾಡಿದ್ದರಿಂದಲೇ ಅದು ಅಷ್ಟು ಧಾರಾಳವಾಗಿ ಬಂತು. ಎತ್ತರ ಸುಮಾರು 37 ಸೆಂಟಿಮೀಟರ್, ಅಗಲ 27. ಮಾತುಗಳೆಲ್ಲ ಶಾಲೆಯ ಕಾಪಿ ಪುಸ್ತಕದಲ್ಲಿ ಬರೆದಂಥ ಕೂಡುಬರಹದಲ್ಲಿ. ನೆಲದ ಮೇಲೆ ಬಿಡಿಸಿಟ್ಟರೆ ಮಗು ಅದರ ಮೇಲೆ ಬಾಗಿ ನೋಡಬೇಕು, ಆಗ ಆ ಬಣ್ಣದ ಬಯಲು ಅದರ ಇಡೀ ನೋಟವನ್ನು ತುಂಬುತ್ತದೆ. 1933ರ ‘ರಾಜ ಬಾಬಾರ್’ನಲ್ಲಿ ಎರಡು ಪುಟಗಳ ಉದ್ದಕ್ಕೂ ಹರಡಿದ ಆನೆಗಳ ಪಟ್ಟಣದ ಚಿತ್ರವಿದೆ. ಮನೆ ಮನೆಯನ್ನೂ ಬೆರಳಿಟ್ಟು ಎಣಿಸುವ ಹಾಗೆ ಬರೆದದ್ದು. ಮುಂದಿನ ದಶಕಗಳಲ್ಲಿ ಖರ್ಚು ಉಳಿಸಲು ಅನೇಕ ಮುದ್ರಣಗಳು ಕುಗ್ಗಿದವು, ಕೆಲವದರಲ್ಲಿ ಕೈಬರಹ ಹೋಗಿ ಮೊಳೆಯಚ್ಚು ಬಂತು. ಒಂದು ಪದವೂ ಬದಲಾಗದಿದ್ದರೂ ಪುಸ್ತಕ ಬೇರೆಯಾಯಿತು. ಕಾದಂಬರಿಯನ್ನು ಕಿರುಗಾತ್ರದಲ್ಲಿ ಅಚ್ಚುಹಾಕಿದರೆ ಕಾದಂಬರಿ ಹಾಗೇ ಉಳಿಯುತ್ತದೆ. ಬಾಬಾರ್‌ನನ್ನು ಹಾಗೆ ಮಾಡಲಾಗದು.

1919ರಲ್ಲಿ ಎದಿ ಲೆಗ್ರಾಂ ಬರೆದ ‘ಮಕಾವೊ ಮತ್ತು ಕಾಸ್ಮಾಜ್’ನಂಥ ಪುಸ್ತಕದಲ್ಲಿ ಮೂಲ ಎನ್ನುವ ಮಾತೇ ಇನ್ನೂ ಗೋಜಲು. ಅದರ ಬಣ್ಣಗಳನ್ನು ಯಂತ್ರ ಹಾಕಿಲ್ಲ. ತಗಡಿನಲ್ಲಿ ಆಕಾರ ಕತ್ತರಿಸಿ, ಹಾಳೆಯ ಮೇಲಿಟ್ಟು, ಒಂದೊಂದು ಬಣ್ಣಕ್ಕೂ ಒಂದೊಂದು ತಗಡಿನಂತೆ ಕುಂಚದಲ್ಲಿ ಕೈಯಿಂದಲೇ ಹಚ್ಚುತ್ತಿದ್ದರು. ಫ್ರೆಂಚರು ಪೊಶ್ವಾರ್ ಎನ್ನುವ ಈ ಕೆಲಸದಲ್ಲಿ ಬಣ್ಣ ಕಾಗದದ ಮೇಲೆ ದಪ್ಪಗೆ, ಮುಟ್ಟಿದರೆ ತಿಳಿಯುವ ಹಾಗೆ ಕೂರುತ್ತದೆ. ಒಂದು ಪ್ರತಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಇಲ್ಲಿ ಪ್ರತಿಯೊಂದು ಪ್ರತಿಯೂ ಅರ್ಧ ಮೂಲಚಿತ್ರ.

ಇಷ್ಟರವರೆಗೆ ಸಂಗ್ರಾಹಕರ ಪರ ವಕಾಲತ್ತು ಮಾಡಿದ್ದಾಯಿತು. ಆದರೆ ಅವರ ಇನ್ನೊಂದು ನಿಯಮವನ್ನು ಒಪ್ಪಲು ಸಾಧ್ಯವಿಲ್ಲ: ಪುಸ್ತಕ ಮುಟ್ಟದಂತಿರಬೇಕು, ಮಡಿಕೆ ಇರಬಾರದು, ಪೆನ್ಸಿಲ್ ಗೀಟು ಇರಬಾರದು, ಮಗುವಿನ ಹೆಸರೂ ಬರೆದಿರಬಾರದು ಎಂಬ ನಿಯಮ. ಇದು ಎಷ್ಟು ವಿಚಿತ್ರ ಎನ್ನುವುದು ‘ಪೇರ್ ಕಾಸ್ತೋರ್’ ಮಾಲೆಯನ್ನು ನೋಡಿದರೆ ಗೊತ್ತಾಗುತ್ತದೆ. 1931ರಲ್ಲಿ ಪೋಲ್ ಫೋಶೆ ಎಂಬ ಶಿಕ್ಷಣಾಸಕ್ತ ಫ್ಲಾಮಾರಿಯೋಂ ಪ್ರಕಾಶನದಲ್ಲಿ ಇದನ್ನು ಶುರುಮಾಡಿದ. ಕೆಂಪು-ಚಿನ್ನದ ಉಡುಗೊರೆ ಪುಸ್ತಕಗಳಿಗೆ ನೇರ ಉತ್ತರ ಅದು: ತೆಳ್ಳಗಿನ, ಮೆತ್ತನೆ ಹೊದಿಕೆಯ, ಕಡಿಮೆ ಬೆಲೆಯ ಪುಸ್ತಕಗಳು. ರಷ್ಯಾದಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ನತಾಲಿ ಪಾರೆನ್, ಫ್ಯೋದರ್ ರೋಜಾಂಕೋವ್ಸ್ಕಿ ಮುಂತಾದವರು ಚಿತ್ರ ಬರೆದರು. ಮಾಲೆಯ ಮೊದಲ ಪುಸ್ತಕಗಳಲ್ಲಿ ಒಂದು ಮುಖವಾಡ ಮಾಡುವುದು, ಇನ್ನೊಂದು ಕತ್ತರಿಸಿ ಅಂಟಿಸುವುದು. ಮಗು ಕತ್ತರಿ ಹಾಕಿದಾಗಲೇ ಅವುಗಳ ಉದ್ದೇಶ ಈಡೇರುವುದು. ಇಂದು ಸಂಗ್ರಾಹಕ ಹೆಚ್ಚು ಹಣ ಕೊಡುವುದು ಕತ್ತರಿ ಬೀಳದ ಪ್ರತಿಗೆ, ಅಂದರೆ ಯಾವ ಮಗುವೂ ಬಳಸದ, ತನ್ನ ಕೆಲಸದಲ್ಲಿ ಸೋತ ಪ್ರತಿಗೆ. ಹಾಳಾಗದ ಹಾಳೆಗಳು ಚಿತ್ರದ ಮೂಲರೂಪ ತೋರಿಸುತ್ತವೆ, ಆ ಲೆಕ್ಕದಲ್ಲಿ ಅಂಥ ಪ್ರತಿ ಅಗತ್ಯ ಎನ್ನುವುದು ನಿಜ. ಹಾಗೆಂದು ಕತ್ತರಿಸಿ ಅಂಟಿಸಿದ ಪ್ರತಿಯನ್ನು ರದ್ದಿಗೆ ತಳ್ಳಿದರೆ, ಆ ಪುಸ್ತಕವನ್ನು ಮಕ್ಕಳು ಏನು ಮಾಡಿದರು ಎಂಬುದಕ್ಕೆ ಇರುವ ಏಕೈಕ ದಾಖಲೆಯನ್ನೇ ಕಳೆದುಕೊಂಡ ಹಾಗೆ. ಫೋಶೆ ಬಿಟ್ಟುಹೋದ ದಾಖಲೆಗಳ ಸಂಗ್ರಹವನ್ನು ಯುನೆಸ್ಕೊ 2017ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಅಷ್ಟು ಗೌರವ ಪಡೆದ ಮಾಲೆಯ ಬಳಸಿದ ಪ್ರತಿಗೆ ಮಾರುಕಟ್ಟೆಯಲ್ಲಿ ಗೌರವ ಇಲ್ಲದಿರುವುದು ಮಾರುಕಟ್ಟೆಯ ಕುರುಡು.

ಈಗ ಆಕ್ಷೇಪಗಳು. ಎಲ್ಲರೂ ಮೊದಲು ಕೇಳುವುದು: ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 1997ರಿಂದ ‘ಗಾಲಿಕಾ’ ಎಂಬ ಜಾಲತಾಣದಲ್ಲಿ ಹಳೆಯ ಪುಸ್ತಕಗಳ ಪುಟಪುಟವನ್ನೂ ಉಚಿತವಾಗಿ ತೋರಿಸುತ್ತಿದೆ, ನಾಂತ್ ನಗರದ ಮೆಮೊದಂಥ ಪ್ರಕಾಶನಗಳು ಹಳೆಯ ಚಿತ್ರಪುಸ್ತಕಗಳನ್ನು ಮತ್ತೆ ಸೊಗಸಾಗಿ ಅಚ್ಚುಹಾಕುತ್ತಿವೆ, ಇನ್ನು ಹಳೆಯ ಕಾಗದಕ್ಕೆ ಯಾಕೆ ಹಣ ಸುರಿಯಬೇಕು? ಇದು ಗಂಭೀರ ಪ್ರಶ್ನೆಯೇ. ಕಥೆ ಓದಲು, ಚಿತ್ರದ ಪರಿಚಯ ಮಾಡಿಕೊಳ್ಳಲು ಅವೆರಡೂ ಧಾರಾಳ ಸಾಕು, ಬಹುಪಾಲು ಓದುಗರಿಗೆ ನಾನು ಹೇಳುವುದೂ ಅದನ್ನೇ. ಆದರೆ ಪರದೆಯ ಮೇಲೆ ಬಾಬಾರ್‌ಗೂ ಪೆರೋನ ಅಂಗೈಯ ಪುಸ್ತಕಕ್ಕೂ ಒಂದೇ ಗಾತ್ರ. ಪೊಶ್ವಾರ್‌ನ ದಪ್ಪ ಬಣ್ಣ, ಹೆಟ್ಜೆಲ್‌ನ ರಟ್ಟಿನ ಮೇಲೆ ಬೆಳಕು ಬಿದ್ದಾಗ ತಿರುಗುವ ಚಿನ್ನ, ಇವು ಪರದೆಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ಪ್ರತಿರೂಪ ಮಾಡಲಿಕ್ಕೂ ಒಂದು ಮೂಲ ಪ್ರತಿ ಉಳಿದಿರಬೇಕು. ಕಲ್ಲಚ್ಚಿನ ಕಲ್ಲುಗಳನ್ನು ಕೆಲಸ ಮುಗಿದ ಮೇಲೆ ಉಜ್ಜಿ ಬೇರೆ ಚಿತ್ರಕ್ಕೆ ಬಳಸುತ್ತಿದ್ದರು. ಮೂಲ ಚಿತ್ರಗಳು ಎಷ್ಟೋ ಸಲ ಚದುರಿ ಹೋದವು. ಒಳ್ಳೆಯ ಬಣ್ಣದ ಹಳೆಯ ಪ್ರತಿಯನ್ನು ಯಾರೋ ಕಪಾಟಿನಲ್ಲಿ ಬಿಸಿಲು ತಾಗದಂತೆ ಇಟ್ಟಿದ್ದರೆ ಮಾತ್ರ ಇಂದಿನ ಮುದ್ರಕನ ಮುಂದೆ ಇಡಲು ಏನಾದರೂ ಸಿಗುತ್ತದೆ.

ಎರಡನೆಯ ಆಕ್ಷೇಪ ಇದು ಹಣವಂತರ ಆಟ, ಮಕ್ಕಳ ಕೈಯಲ್ಲಿರಬೇಕಾದ್ದನ್ನು ಗಾಜಿನ ಹಿಂದೆ ಸೇರಿಸುವ ಆಟ ಎಂಬುದು. ಅರ್ಧ ನಿಜ. ಆದರೆ ದೊಡ್ಡ ಗ್ರಂಥಾಲಯಗಳು ಮಕ್ಕಳ ಪುಸ್ತಕಗಳನ್ನು ಬಹುಕಾಲ ಸಾಹಿತ್ಯವೆಂದು ಗಣಿಸಿರಲಿಲ್ಲ ಎನ್ನುವುದನ್ನೂ ನೆನಪಿಡಬೇಕು. ಫ್ರಾನ್ಸಿನಲ್ಲಿ ಅಚ್ಚಾದದ್ದರ ಪ್ರತಿಯನ್ನು ರಾಜನ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕಾನೂನು 1537ರಷ್ಟು ಹಳೆಯದು. ಒಪ್ಪಿಸಿದ್ದು ಕಪಾಟಿನಲ್ಲಿ ಕೂತಿತು, ಆದರೆ ಅದರ ಬಗ್ಗೆ ತಲೆ ಕೆಡಿಸಿಕೊಂಡವರು ವಿರಳ. ಪಟ್ಟಿ ಮಾಡಿ, ಇದು ಅಧ್ಯಯನಕ್ಕೆ ಯೋಗ್ಯ ಎಂದು ತೋರಿಸಿದವರಲ್ಲಿ ವ್ಯಾಪಾರಿಗಳೂ ಸಂಗ್ರಾಹಕರೂ ಮುಂದಿದ್ದರು. 1930ರಲ್ಲಿ ಪ್ಯಾರಿಸ್ಸಿನ ಗುಮುಷಿಯಾನ್ ಪುಸ್ತಕದಂಗಡಿ ಹೊರತಂದ ಎರಡು ಸಂಪುಟಗಳ ಮಾರಾಟದ ಪಟ್ಟಿಯನ್ನು ವಿದ್ವಾಂಸರು ಇಂದಿಗೂ ಆಕರಗ್ರಂಥದಂತೆ ಉದ್ಧರಿಸುತ್ತಾರೆ. ಲಾಯ್ಡ್ ಕಾಟ್ಸನ್ ಎಂಬ ಅಮೆರಿಕದ ಉದ್ಯಮಿ ಕೂಡಿಟ್ಟದ್ದು ಈಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಕ್ಕಳ ಗ್ರಂಥಾಲಯವಾಗಿದೆ. ಪ್ಯಾರಿಸ್ಸಿನಲ್ಲಿ 1924ರಲ್ಲಿ ಅಮೆರಿಕನ್ನರ ನೆರವಿನಿಂದ ಮಕ್ಕಳಿಗಾಗಿಯೇ ತೆರೆದ ‘ಅರ್ ಜ್ವಾಯೂಸ್’ ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ಇಂದು ನಗರದ ಹತ್ತನೇ ವಿಭಾಗದ ಫ್ರಾಂಸ್ವಾಸ್ ಸಗಾನ್ ಸಾರ್ವಜನಿಕ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ. ಖಾಸಗಿ ಕಪಾಟು ಕೊನೆಯ ನಿಲ್ದಾಣವಾದರೆ ಆಕ್ಷೇಪ ಸರಿ. ನಡುವಿನ ನಿಲ್ದಾಣವಾದರೆ ಅಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಈ ಪುಸ್ತಕಗಳಲ್ಲಿ ವಸಾಹತುಶಾಹಿಯ ಹೊಲಸು ಸಾಕಷ್ಟಿದೆ. 1932ರ ‘ಬಾಬಾರ್‌ನ ಪ್ರಯಾಣ’ದಲ್ಲಿ ಆಫ್ರಿಕದ ಜನರನ್ನು ಕಾಡುಮನುಷ್ಯರಂತೆ ಬರೆದಿದ್ದಾರೆ. ಬ್ರುನೋಫ್‌ನ ಮಗ ಲೋರಾಂ 1949ರಲ್ಲಿ ಮಾಡಿದ ಪಿಕ್‌ನಿಕ್ ಕಥೆಯೂ ಹಾಗೆಯೇ. ಮುಂದೆ ರ‍್ಯಾಂಡಮ್ ಹೌಸ್‌ನಲ್ಲಿ ಸಂಪಾದಕಿಯಾಗಿದ್ದ ಟೋನಿ ಮಾರಿಸನ್ ಆಕ್ಷೇಪಿಸಿದ ಮೇಲೆ ಲೋರಾಂ ತಾನೇ ಅದರ ಮರುಮುದ್ರಣ ನಿಲ್ಲಿಸಲು ಕೇಳಿಕೊಂಡ. ಮಕ್ಕಳ ಕೈಗೆ ಹಾಕುವ ಪುಸ್ತಕದಲ್ಲಿ ಅಂಥ ಚಿತ್ರ ಬೇಡ ಎನ್ನುವುದು ಸರಿಯಾದ ನಿರ್ಧಾರ. ಆದರೆ ಆ ಕಾರಣಕ್ಕೇ ಹಳೆಯ ಮುದ್ರಣ ಉಳಿಯಬೇಕು. ತಿದ್ದಿದ ಮುದ್ರಣ ಮಾತ್ರ ಉಳಿದರೆ ಫ್ರೆಂಚ್ ಮಧ್ಯಮವರ್ಗ ತನ್ನ ಮಕ್ಕಳಿಗೆ 1930ರ ದಶಕದಲ್ಲಿ ಏನು ಕಲಿಸಿತು ಎಂಬುದು ಮುಚ್ಚಿಹೋಗುತ್ತದೆ. ಇನ್ನೊಂದು ಕಡೆ, ಮೇಲೆ ಹೇಳಿದ ಮಕಾವೊ ಮತ್ತು ಕಾಸ್ಮಾಜ್ ಒಂದು ದ್ವೀಪದಲ್ಲಿ ಸುಖವಾಗಿರುವ ಬಿಳಿಯ ಗಂಡು, ಕರಿಯ ಹೆಣ್ಣಿನ ಜೋಡಿ. ಫ್ರೆಂಚ್ ಹಡಗೊಂದು ಬಂದು ನಾಗರಿಕತೆಯ ಹೆಸರಿನಲ್ಲಿ ಅವರ ಸುಖವನ್ನು ಕೆಡಿಸುತ್ತದೆ. 1919ರಲ್ಲೇ, ಮಕ್ಕಳ ಪುಸ್ತಕದಲ್ಲೇ, ಫ್ರೆಂಚನೊಬ್ಬ ಹೀಗೆ ಬರೆದಿದ್ದ ಎನ್ನುವುದು ಅಂದಿನವರೆಲ್ಲ ಹಾಗೆಯೇ ಯೋಚಿಸುತ್ತಿದ್ದರು ಎಂಬ ಸುಲಭದ ಸಮಾಧಾನವನ್ನು ಒಡೆಯುತ್ತದೆ. ಎರಡೂ ಪುಸ್ತಕ ಪಕ್ಕಪಕ್ಕ ಇದ್ದರೆ ಮಾತ್ರ ಈ ಮಾತು ಹೇಳಲು ಬರುತ್ತದೆ.

ಸಂಗ್ರಹದ ಹಂಬಲ ಹುಟ್ಟಿದವರು 1943ರ ‘ಪುಟ್ಟ ರಾಜಕುಮಾರ’ನಿಂದ ಶುರುಮಾಡಬೇಕಿಲ್ಲ. ಅದರ ಬೆನ್ನು ಹತ್ತಿದವರು ಬೇಕಾದಷ್ಟು ಜನ ಇದ್ದಾರೆ. 1930ರ ದಶಕದ ಪೇರ್ ಕಾಸ್ತೋರ್ ಪುಸ್ತಕಗಳು, ಬಳಸಿದವು, ಅಂಚು ಸವೆದವು, ಇನ್ನೂ ಸಾಮಾನ್ಯ ಓದುಗರ ಕೈಗೆಟುಕುವ ಬೆಲೆಯಲ್ಲಿ ಸಿಗುತ್ತವೆ. ಕೊಳ್ಳುವ ಮುಂಚೆ ಪುಟಗಳನ್ನೂ ಚಿತ್ರಗಳನ್ನೂ ಎಣಿಸಿ, ಗ್ರಂಥಾಲಯದ ಸೂಚಿಯೊಂದಿಗೆ ತಾಳೆ ನೋಡಿ. ಒಳಗಿನ ಚಿತ್ರಗಳನ್ನು ಕತ್ತರಿಸಿ ಬಿಡಿಬಿಡಿಯಾಗಿ ಚೌಕಟ್ಟು ಹಾಕಿ ಮಾರುವ ವ್ಯಾಪಾರಿಯಿಂದ ಏನನ್ನೂ ಕೊಳ್ಳಬೇಡಿ. ಮಗು ಹಚ್ಚಿದ ಕ್ರೇಯಾನ್ ಬಣ್ಣ ಕಂಡರೆ ಅಳಿಸಲು ಹೋಗಬೇಡಿ.